‘ಕಾಸಾಬ್ಲಾಂಕಾ’ ನೋಡುವ ಬಗೆ: ಕೈಯಲ್ಲೊಂದು ಬೆಲೆಪಟ್ಟಿ ಇರಲಿ

‘ಕಾಸಾಬ್ಲಾಂಕಾ’ದ ಹೆಸರು ಕೇಳಿ, ಒಂದು ಭಾನುವಾರ ಹಾಕಿಕೊಂಡು, ಇಪ್ಪತ್ತು ನಿಮಿಷಕ್ಕೆ ಕೈಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ತಪ್ಪು ಅವರದಲ್ಲ. ಹಾಲಿವುಡ್ಡಿನ ದೊಡ್ಡ ಪ್ರೇಮಕಥೆ ಅಂತ ಹೇಳಿ ಕೂರಿಸಿರುತ್ತಾರೆ. ನಾಯಕಿ ತೆರೆಗೆ ಬರುವಷ್ಟರಲ್ಲಿ ಚಿತ್ರದ ಹೆಚ್ಚುಕಡಿಮೆ ಕಾಲು ಭಾಗ ಮುಗಿದಿರುತ್ತದೆ. ಅಲ್ಲಿಯವರೆಗೆ ವೀಸಾ, ಕಳ್ಳಸಂತೆ, ಪೊಲೀಸು, ಜೂಜು. ಯಾರು ಯಾವ ಕಡೆಯವರು ಅಂತ ತಿಳಿಯುವುದರೊಳಗೆ ನೋಡುವವರ ತಾಳ್ಮೆ ಮುಗಿದಿರುತ್ತದೆ.

ಎಂಬತ್ತು ವರ್ಷ ದಾಟಿದ ಮೇಲೂ ಈ ಚಿತ್ರ ಹಳಸದೆ ಉಳಿದಿರುವ ಗುಟ್ಟು ಇರುವುದು ಆ ಮೊದಲ ಕಾಲು ಭಾಗದಲ್ಲೇ. ಅಲ್ಲಿ ಪ್ರತಿಯೊಂದಕ್ಕೂ ಒಂದು ಬೆಲೆ ಹೇಳುತ್ತಾರೆ: ವಜ್ರಕ್ಕೆ, ದೋಣಿಗೆ, ವೀಸಾಕ್ಕೆ, ಮುಂದೆ ಹೆಣ್ಣಿನ ಮಾನಕ್ಕೂ. ಆ ಬೆಲೆಗಳನ್ನು ಕಿವಿಗೆ ಹಾಕಿಕೊಂಡವರಿಗೆ ಮಾತ್ರ ಕೊನೆಯಲ್ಲಿ ಒಬ್ಬ ಮನುಷ್ಯ ಏನನ್ನು ಪುಕ್ಕಟೆ ಕೊಟ್ಟುಬಿಟ್ಟ ಅನ್ನುವುದು ಎದೆಗೆ ತಾಗುತ್ತದೆ. ಮನೆಯಲ್ಲಿ ನೋಡುವವರಿಗೂ, ಊರಿನ ಚಿತ್ರಸಮಾಜದಲ್ಲಿ ನಾಲ್ಕು ಜನರನ್ನು ಕೂರಿಸಿ ತೋರಿಸುವವರಿಗೂ ಉಪಯೋಗವಾಗಲಿ ಅಂತ ಇಲ್ಲಿ ಒಂದು ಕ್ರಮ ಕೊಟ್ಟಿದ್ದೇವೆ.

ಮೊದಲು ಪ್ರತಿ ಸರಿಯಿದೆಯಾ ನೋಡಿ

ಚಿತ್ರದ ಪೂರ್ತಿ ಅವಧಿ 102 ನಿಮಿಷ. ಪ್ಲೇ ಒತ್ತುವ ಮುಂಚೆ ಇದೊಂದನ್ನು ನೋಡಿಬಿಡಿ. 98 ನಿಮಿಷ ಅಂತ ತೋರಿಸಿದರೆ ಅದು ಕತ್ತರಿಸಿದ ಪ್ರತಿಯೇ ಆಗಿರಬೇಕೆಂದಿಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡುತ್ತದೆ. ನಮ್ಮ ಹಳೆಯ ಪಾಲ್ ಪದ್ಧತಿಯ ಟಿವಿಗಾಗಿ ಮಾಡಿದ ಡಿವಿಡಿಗಳು 25ರಲ್ಲಿ ಓಡುತ್ತವೆ. ಅಷ್ಟರಿಂದಲೇ ನಾಲ್ಕು ನಿಮಿಷ ಕಮ್ಮಿಯಾಗುತ್ತದೆ. ನಾಲ್ಕು ನಿಮಿಷ ಹೋದರೆ ಹೋಗಲಿ ಅನ್ನಬಹುದು, ಆದರೆ ಶ್ರುತಿಯೂ ಅರ್ಧ ಸ್ವರಕ್ಕಿಂತ ಸ್ವಲ್ಪ ಕಮ್ಮಿಯಷ್ಟು ಏರುತ್ತದೆ. ನಾಯಕ ನಟ ಬೋಗಾರ್ಟ್ ದನಿ ತೆಳ್ಳಗಾಗುತ್ತದೆ, ಚಿತ್ರದ ಪಿಯಾನೊ ವಾದಕ ಸ್ಯಾಮ್‌ನ ಹಾಡು ಆತುರದ ಹಾಡಾಗುತ್ತದೆ. 102 ನಿಮಿಷದ ಬ್ಲೂರೇ ಅಥವಾ ಅಧಿಕೃತ ಒಟಿಟಿ ಪ್ರತಿ ಸಿಕ್ಕರೆ ಅದನ್ನೇ ಹಾಕಿ.

ಬಣ್ಣ ಹಚ್ಚಿದ ಪ್ರತಿ ಬೇಡವೇ ಬೇಡ. 1988ರಲ್ಲಿ ಅಂಥದ್ದೊಂದು ಬಂತು, ಅದರ ತುಣುಕುಗಳು ಈಗಲೂ ಓಡಾಡುತ್ತಿವೆ. ಛಾಯಾಗ್ರಾಹಕ ಆರ್ಥರ್ ಎಡಿಸನ್ ನೆರಳಿನಲ್ಲಿ ಕಟ್ಟಿದ ಚಿತ್ರ ಇದು. ಬಣ್ಣ ಬಳಿದರೆ ನೆರಳೆಲ್ಲ ಕೆಸರಿನ ಹಾಗೆ ಕಾಣುತ್ತದೆ. ಇನ್ನೊಂದು ಮಾತಿದೆ. ಪ್ಯಾರಿಸ್ಸಿನ ಕೊನೆಯ ದಿನವನ್ನು ನೆನೆಯುತ್ತ ನಾಯಕ ರಿಕ್ ನಾಯಕಿಗೆ, ಜರ್ಮನ್ನರು ಬೂದು ಬಣ್ಣ ಉಟ್ಟಿದ್ದರು, ನೀನು ನೀಲಿ ಉಟ್ಟಿದ್ದೆ ಅನ್ನುವ ಅರ್ಥದ ಮಾತು ಆಡುತ್ತಾನೆ. ಕಪ್ಪು ಬಿಳುಪಿನ ಚಿತ್ರದಲ್ಲಿ ಆ ನೀಲಿ ನೋಡುವವರ ಮನಸ್ಸಿನಲ್ಲಿ ಮಾತ್ರ ಇರುವ ನೀಲಿ. ಅದು ಅಲ್ಲೇ ಇರಲಿ.

ಟಿವಿಯಲ್ಲಿ ಮೂರು ಕಡೆ ಕೈ ಹಾಕಬೇಕು. ಒಂದು, ಚಿತ್ರದ ಆಕಾರ. ಈ ಚಿತ್ರದ ಚೌಕಟ್ಟು 1.37ಕ್ಕೆ 1, ಅಂದರೆ ಹೆಚ್ಚುಕಡಿಮೆ ಚೌಕ. 43 ಇಂಚಿನ ಟಿವಿಯಲ್ಲಿ ಎಡಕ್ಕೂ ಬಲಕ್ಕೂ ಸುಮಾರು 11 ಸೆಂಟಿಮೀಟರ್ ಕಪ್ಪು ಪಟ್ಟಿ ಬರಬೇಕು. ನೂರು ಇಂಚಿನ ಪ್ರೊಜೆಕ್ಟರ್ ತೆರೆಯಲ್ಲಾದರೆ ಸುಮಾರು 25. ಆ ಪಟ್ಟಿ ಕಾಣದಿದ್ದರೆ ಟಿವಿ ಚಿತ್ರವನ್ನು ಅಡ್ಡಕ್ಕೆ ಎಳೆದಿದೆ, ಇಲ್ಲವೇ ಝೂಮ್ ಮಾಡಿ ಮೇಲಿನ ಕೆಳಗಿನ ಕಾಲು ಭಾಗವನ್ನು ನುಂಗಿದೆ. ಝೂಮ್ ಆದರೆ ಬೋಗಾರ್ಟ್ ಹಣೆ ಹೋಗುತ್ತದೆ, ಮೇಜಿನ ಮೇಲಿನ ಲೋಟ ಹೋಗುತ್ತದೆ. ಲೋಟಗಳು ಈ ಚಿತ್ರದಲ್ಲಿ ಪಾತ್ರಗಳಿದ್ದ ಹಾಗೆ, ಅವು ಹೋಗಬಾರದು. ಎರಡು, ಚಲನೆಯನ್ನು ನಯ ಮಾಡುವ ಸೆಟ್ಟಿಂಗ್. ಒಂದೊಂದು ಕಂಪನಿಯವರು ಒಂದೊಂದು ಹೆಸರಿಟ್ಟಿರುತ್ತಾರೆ. ಪಿಕ್ಚರ್ ಮೆನುವಿನಲ್ಲಿ ‘ಮೋಷನ್’ ಅಂತ ಏನಿದ್ದರೂ ಆಫ್ ಮಾಡಿ, ಇಲ್ಲವೇ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಇಡಿ. ಇಲ್ಲದಿದ್ದರೆ ಹಳೆಯ ಸಿನಿಮಾ ಮೊನ್ನೆ ತೆಗೆದ ಧಾರಾವಾಹಿಯ ಹಾಗೆ ಜಾರುತ್ತದೆ. ಮೂರು, ಶಬ್ದ. ಮೂಲ ಧ್ವನಿ ಒಂದೇ ಚಾನೆಲ್ಲಿನದು. ಸರೌಂಡ್, ಬಾಸ್ ಬೂಸ್ಟ್ ಎಲ್ಲ ತೆಗೆದುಹಾಕಿ. ಇವು ಇದ್ದರೆ ಪಿಟೀಲುಗಳು ಉಬ್ಬಿ ಮಾತು ಅಡಗುತ್ತದೆ.

ಬೆಳಕು ಸರಿಯಿದೆಯಾ ಅಂತ ನೋಡಲು ಹೋಟೆಲ್ ಮುಚ್ಚಿದ ಮೇಲೆ ರಿಕ್ ಕತ್ತಲಲ್ಲಿ ಒಬ್ಬನೇ ಕುಡಿಯುತ್ತ ಕೂತ ದೃಶ್ಯಕ್ಕೆ ಹೋಗಿ. ಹಿಂದಿನ ಕತ್ತಲು ಬೂದಿ ಬಣ್ಣಕ್ಕೆ ತಿರುಗಿದ್ದರೆ ಬ್ರೈಟ್‌ನೆಸ್ ಇಳಿಸಿ. ಅವನ ಮುಖದ ನೆರಳಿನ ಭಾಗ ಪೂರ್ತಿ ಕರಗಿಹೋಗಿದ್ದರೆ ಒಂದೆರಡು ಅಂಕ ಏರಿಸಿ. ಕೋಣೆಯ ಟ್ಯೂಬ್‌ಲೈಟ್ ಆರಿಸಲೇಬೇಕು.

ಇಂಗ್ಲಿಷ್ ಚೆನ್ನಾಗಿ ಬರುವವರೂ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳುವುದು ಒಳ್ಳೆಯದು. ಮಾತು ಬಲು ಚುರುಕು. ಜೊತೆಗೆ ಹಂಗೇರಿ, ಜರ್ಮನಿ, ಫ್ರಾನ್ಸ್, ಸ್ವೀಡನ್ನಿನವರೆಲ್ಲ ಅವರವರ ಉಚ್ಚಾರಣೆಯಲ್ಲಿ ಮಾತಾಡುತ್ತಾರೆ. ಸಾರ್ವಜನಿಕವಾಗಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಮೊದಲೇ ಪಡೆಯಿರಿ. ಮನೆಯ ಒಟಿಟಿ ಚಂದಾ ಸಭಾಂಗಣಕ್ಕೆ ನಡೆಯುವುದಿಲ್ಲ.

ಶುರುವಿಗೆ ಮುಂಚೆ ಹೇಳಬೇಕಾದ ಹತ್ತು ನಿಮಿಷ

ಇದನ್ನು ಬಿಟ್ಟರೆ ಮೊದಲ ಕಾಲು ಗಂಟೆ ಗೊಂದಲವಾಗುತ್ತದೆ. ಹೆಚ್ಚು ಹೇಳಿದರೆ ಕಥೆ ಹಾಳಾಗುತ್ತದೆ. ಇಷ್ಟು ಸಾಕು:

1940ರ ಜೂನ್‌ನಲ್ಲಿ ಫ್ರಾನ್ಸ್ ಹಿಟ್ಲರನ ಸೇನೆಗೆ ಸೋತಿತು. ಪ್ಯಾರಿಸ್ ಸೇರಿ ಉತ್ತರ ಭಾಗವನ್ನು ಜರ್ಮನ್ನರು ಇಟ್ಟುಕೊಂಡರು. ದಕ್ಷಿಣದಲ್ಲಿ ವಿಶಿ ಅನ್ನುವ ಊರಿನಿಂದ ಮಾರ್ಷಲ್ ಪೆಟಾಂ ಜರ್ಮನ್ನರ ಮರ್ಜಿ ಹಿಡಿದು ಸರ್ಕಾರ ನಡೆಸಿದ. ಮೊರಾಕ್ಕೊ ಫ್ರೆಂಚರ ಕೈಯಲ್ಲಿತ್ತು, ಹಾಗಾಗಿ ಕಾಸಾಬ್ಲಾಂಕಾ ಕೂಡ ವಿಶಿ ಆಡಳಿತದ ಊರು. ಯುರೋಪಿನಿಂದ ಓಡಿ ಬಂದವರು ಪ್ಯಾರಿಸ್, ಮಾರ್ಸೇ, ಸಮುದ್ರ ದಾಟಿ ಓರಾನ್, ಅಲ್ಲಿಂದ ಕಾಸಾಬ್ಲಾಂಕಾ ಹೀಗೆ ಬಂದು ಸೇರುತ್ತಿದ್ದರು. ಮುಂದೆ ಲಿಸ್ಬನ್, ಅಲ್ಲಿಂದ ಅಮೆರಿಕ. ಲಿಸ್ಬನ್ ವಿಮಾನ ಹತ್ತಲು ಊರು ಬಿಡುವ ವೀಸಾ ಬೇಕು. ಅದು ಸಿಗದವರು ಕಾಯುತ್ತ ಕೂರಬೇಕು. ಕಥೆ ನಡೆಯುವುದು 1941ರ ಡಿಸೆಂಬರ್ ಮೊದಲ ದಿನಗಳಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯದ ಹೊತ್ತು. ಆ ತಿಂಗಳ 7ಕ್ಕೆ ಪರ್ಲ್ ಹಾರ್ಬರ್ ಮೇಲೆ ದಾಳಿಯಾಯಿತು. ಕಥೆಯವರಿಗೆ ಅದು ಗೊತ್ತಿಲ್ಲ, ನೋಡುವವರಿಗೆ ಗೊತ್ತು.

ಹೆಸರುಗಳು ಏಳು ಸಾಕು, ಹಲಗೆಯ ಮೇಲೆ ಬರೆದಿಡಿ. ಹೋಟೆಲ್ ನಡೆಸುವ ಅಮೆರಿಕದವ ರಿಕ್ (ಹಂಫ್ರಿ ಬೋಗಾರ್ಟ್). ಅವನ ಪಿಯಾನೊ ವಾದಕ ಸ್ಯಾಮ್ (ಡೂಲಿ ವಿಲ್ಸನ್). ಲಂಚಕೋರ ಪೊಲೀಸ್ ಕ್ಯಾಪ್ಟನ್ ರೆನೋ (ಕ್ಲಾಡ್ ರೇನ್ಸ್). ಜರ್ಮನ್ ಮೇಜರ್ ಸ್ಟ್ರಾಸರ್ (ಕಾನ್ರಾಡ್ ಫೈಟ್). ಪತ್ರಗಳನ್ನು ಕದ್ದು ಮಾರುವ ಉಗಾರ್ಟೆ (ಪೀಟರ್ ಲೋರ್). ನಾಜಿಗಳಿಂದ ತಪ್ಪಿಸಿಕೊಂಡ ಹೋರಾಟಗಾರ ಲಾಸ್ಲೊ (ಪಾಲ್ ಹೆನ್ರೈಡ್), ಅವನ ಜೊತೆ ಬರುವ ಇಲ್ಸಾ (ಇಂಗ್ರಿಡ್ ಬರ್ಗ್‌ಮನ್). ಇನ್ನೊಂದು ವಸ್ತು ಇದೆ: ಯಾರೂ ಪ್ರಶ್ನೆ ಕೇಳದೆ ಊರು ಬಿಡಲು ಬಿಡುವ ಎರಡು ರಹದಾರಿ ಪತ್ರ. ನಿಜ ಇತಿಹಾಸದಲ್ಲಿ ಅಂಥ ಪತ್ರ ಇರಲಿಲ್ಲ, ಅದು ಕಥೆಗೆ ಬೇಕಾಗಿ ಹುಟ್ಟಿಸಿದ್ದು. ಅದನ್ನು ಮುಂಚೆಯೇ ಹೇಳಿಬಿಟ್ಟರೆ ಇತಿಹಾಸ ಓದಿದವರು ಮಧ್ಯದಲ್ಲಿ ತಡೆಯುವುದಿಲ್ಲ.

ಮೊದಲ ನೋಟ: ಎಲ್ಲೂ ನಿಲ್ಲಿಸಬೇಡಿ

102 ನಿಮಿಷ ಒಂದೇ ಗುಕ್ಕಿಗೆ. ಕಾಫಿಗೆ, ಫೋನಿಗೆ ವಿರಾಮ ಬೇಡ. ಇಲ್ಲಿ ಇಂಟರ್‌ವೆಲ್ಲಿಗೆ ಜಾಗವಿಲ್ಲ. ಪ್ಯಾರಿಸ್ ನೆನಪಿನ ಭಾಗ ಮುಗಿದೊಡನೆ ನಿಲ್ಲಿಸುವುದು ಅನೇಕರ ಅಭ್ಯಾಸ, ಅದು ತೀರಾ ಕೆಟ್ಟ ಜಾಗ. ಆ ನೆನಪಿನ ಸಿಟ್ಟು ಇನ್ನೂ ಬಿಸಿಯಾಗಿರುವಾಗಲೇ ಇಲ್ಸಾ ಬಾಗಿಲಲ್ಲಿ ಬಂದು ನಿಲ್ಲಬೇಕು.

ಒಂದು ಕೆಲಸ ಮಾತ್ರ ಕೊಡಿ: ಎಲ್ಲರ ಕೈಯಲ್ಲೂ ಒಂದು ಚೀಟಿ, ಒಂದು ಪೆನ್ಸಿಲ್. ಯಾರಾದರೂ ಯಾವುದಕ್ಕಾದರೂ ಬೆಲೆ ಹೇಳಿದ ಕೂಡಲೇ ಬರೆದುಕೊಳ್ಳಬೇಕು. ಇನ್ನೇನೂ ಬೇಡ.

ಇನ್ನೂ ನೋಡಿಲ್ಲದವರು ಇಲ್ಲಿಗೆ ಓದು ನಿಲ್ಲಿಸಿ, ನೋಡಿ ಬನ್ನಿ. ಮುಂದೆ ಕಥೆಯ ಕೊನೆಯೂ ಇದೆ.

ಚೀಟಿ ಬಿಚ್ಚಿ

ಬೆಲೆಪಟ್ಟಿ ಹೀಗಿರಬೇಕು. ಹೋಟೆಲಿಗೆ ಕ್ಯಾಮೆರಾ ಮೊದಲ ಸಲ ಹೊಕ್ಕಾಗ ಒಬ್ಬ ಹೆಂಗಸು ಬಳೆಯ ವಜ್ರ ಮಾರುತ್ತಿದ್ದಾಳೆ. ಇನ್ನು ಸ್ವಲ್ಪ ಸೇರಿಸಿ ಕೊಡಿ ಅಂತ ಬೇಡುತ್ತಾಳೆ. ಊರ ತುಂಬ ಎಲ್ಲರೂ ವಜ್ರ ಮಾರುವವರೇ ಅಂತ ಕೊಳ್ಳುವವನು 2,400 ಫ್ರಾಂಕಿಗೆ ನಿಂತುಬಿಡುತ್ತಾನೆ. ಪಕ್ಕದ ಮೇಜಿನಲ್ಲಿ ಕಳ್ಳದೋಣಿಗೆ 15,000, ಅದೂ ನಗದು. ಇಷ್ಟು ಹೊತ್ತು ಹಿಡಿದದ್ದು ಒಂದು ನಿಮಿಷವೂ ಅಲ್ಲ. ಆದರೆ ಈ ಊರಿನಲ್ಲಿ ಜೀವ ಉಳಿಸಿಕೊಳ್ಳಲು ವಜ್ರದ ಬಳೆಯೂ ಸಾಲದು ಅನ್ನುವುದು ಗೊತ್ತಾಗಿಹೋಯಿತು. ಉಗಾರ್ಟೆ ತನ್ನನ್ನು ಸಮರ್ಥಿಸಿಕೊಳ್ಳುವುದು ರೆನೋ ಕೇಳುವುದರಲ್ಲಿ ಅರ್ಧ ಬೆಲೆಗೆ ವೀಸಾ ಕೊಡಿಸುತ್ತೇನೆ ಅಂತ. ಲಾಸ್ಲೊ ತಪ್ಪಿಸಿಕೊಳ್ಳುತ್ತಾನೋ ಇಲ್ಲವೋ ಅಂತ ರಿಕ್, ರೆನೋ ಕಟ್ಟುವ ಬಾಜಿ 10,000. ಪತ್ರಗಳಿಗೆ ಲಾಸ್ಲೊ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಕೊಡುತ್ತೇನೆ ಅನ್ನುತ್ತಾನೆ. ರಿಕ್ ಒಪ್ಪುವುದಿಲ್ಲ, ಯಾಕೆ ಅಂತ ನಿನ್ನ ಹೆಂಡತಿಯನ್ನೇ ಕೇಳು ಅನ್ನುತ್ತಾನೆ.

ಚೀಟಿಯಲ್ಲಿ ಬಹಳ ಜನ ಬರೆಯದೆ ಬಿಡುವ ಬೆಲೆ ಒಂದಿದೆ. ಬಲ್ಗೇರಿಯದ ಹುಡುಗಿ ಅನೀನಾ, ಗಂಡ ಪಕ್ಕದ ಕೋಣೆಯಲ್ಲಿ ಇದ್ದ ಹಣವನ್ನೂ ಜೂಜಿನಲ್ಲಿ ಕಳೆಯುತ್ತಿರುವಾಗ, ರೆನೋ ಮಾತು ನಂಬಬಹುದಾ ಅಂತ ರಿಕ್‌ನನ್ನು ಕೇಳುತ್ತಾಳೆ. ಹಣವಿಲ್ಲದವಳ ಹತ್ತಿರ ರೆನೋ ಏನು ಕೇಳಿದ್ದಾನೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಕಾಲದ ಹಾಲಿವುಡ್ಡಿನ ಸೆನ್ಸಾರ್ ನಿಯಮಾವಳಿ ಅದನ್ನು ಬಿಡುತ್ತಲೂ ಇರಲಿಲ್ಲ. ರಿಕ್ ಒರಟಾಗಿ ಬುದ್ಧಿ ಹೇಳಿ ಎದ್ದುಹೋಗುತ್ತಾನೆ; ನೇರ ಜೂಜಿನ ಚಕ್ರವಿರುವ ರೂಲೆಟ್ ಮೇಜಿಗೆ ಹೋಗಿ ಅವಳ ಗಂಡನಿಗೆ 22ರ ಮೇಲೆ ಕಟ್ಟು ಅನ್ನುತ್ತಾನೆ. ಚೆಂಡು 22ರಲ್ಲಿ ನಿಲ್ಲುತ್ತದೆ. ಎತ್ತಿಕೊಳ್ಳಬೇಡ, ಅಲ್ಲೇ ಬಿಡು ಅನ್ನುತ್ತಾನೆ. ಮತ್ತೆ 22. ಈಗ ಹಣ ತಗೊಂಡು ಹೋಗು, ತಿರುಗಿ ಬರಬೇಡ.

ಯಾರಿಗಾಗಿಯೂ ತಲೆ ಕೊಡುವವನಲ್ಲ ಅಂತ ಬೀಗುವ ಮನುಷ್ಯ ತನ್ನ ಅಂಗಡಿಯ ದುಡ್ಡು ಸೋತು ಇನ್ನೊಬ್ಬರ ಸಂಸಾರ ಉಳಿಸಿದ. ಕೊನೆಯ ದೃಶ್ಯದ ತಾಲೀಮು ಇಲ್ಲೇ ನಡೆದುಹೋಗಿದೆ: ಅಲ್ಲೂ ಒಂದು ದಂಪತಿ, ಅಲ್ಲೂ ಊರು ಬಿಡುವ ದಾರಿ, ಅಲ್ಲೂ ಸೋಲುವವನು ಇವನೇ. ಇದನ್ನು ಗಮನಿಸಿದವರಿಗೆ ಕೊನೆಯ ತಿರುವು ಅಚಾನಕ್ಕಾಗಿ ಬಂತು ಅನಿಸುವುದಿಲ್ಲ. ಚಿತ್ರಕಥೆಯ ಕೊನೆಯ ಪುಟಗಳು ಚಿತ್ರೀಕರಣ ನಡೆಯುತ್ತಿರುವಾಗಲೇ ಬರೆಯಲಾಗುತ್ತಿದ್ದವು ಅನ್ನುವುದು ನಿಜ. ಜೂಲಿಯಸ್ ಮತ್ತು ಫಿಲಿಪ್ ಎಪ್‌ಸ್ಟೈನ್, ಹೊವರ್ಡ್ ಕಾಕ್ ಈ ಮೂವರ ಹೆಸರು ತೆರೆಯ ಮೇಲಿದೆ, ಕೈಯಾಡಿಸಿದವರು ಇನ್ನೂ ಇದ್ದರು. ಅಷ್ಟಾದರೂ ಕಟ್ಟಡ ಓರೆಯಾಗಿಲ್ಲ. ಈ ರೂಲೆಟ್ ದೃಶ್ಯದಂಥ ಕಂಬಗಳು ಕೆಳಗಿವೆ.

ಎರಡನೆಯ ನೋಟ: ಮಾರ್ಸೆಯೇಸ್ ಹಾಡಿನ ದೃಶ್ಯ, ಮೂರು ಸಲ

ಎರಡನೆಯ ಸಲ ಇಡೀ ಚಿತ್ರ ಬೇಕಿಲ್ಲ. ಈ ಒಂದು ದೃಶ್ಯಕ್ಕೆ ಅರ್ಧ ಗಂಟೆ ಕೊಡಿ. ಮಹಡಿಯ ಕೋಣೆಯಲ್ಲಿ ರಿಕ್, ಲಾಸ್ಲೊ ಪತ್ರದ ಬೆಲೆ ಚರ್ಚಿಸುತ್ತಿರುವಾಗ ಕೆಳಗೆ ಸ್ಟ್ರಾಸರ್ ಮತ್ತವನ ಅಧಿಕಾರಿಗಳು ಪಿಯಾನೊ ಸುತ್ತ ನಿಂತು ಜರ್ಮನ್ ದೇಶಭಕ್ತಿ ಗೀತೆ ‘ದಿ ವಾಖ್ಟ್ ಆಮ್ ರೈನ್’ ಹಾಡಲು ಶುರುಮಾಡುತ್ತಾರೆ. ಅಲ್ಲಿಂದ ಹಾಕಿ.

ಮೊದಲ ಸಲ ಮಾಮೂಲಿನಂತೆ ನೋಡಿ. ಎರಡನೆಯ ಸಲ ಶಬ್ದ ಪೂರ್ತಿ ಆರಿಸಿ. ಹಾಡು ಇಲ್ಲದಿದ್ದಾಗ ಕಾಣುವುದು ಕಣ್ಣುಗಳ ಜಾಡು. ಲಾಸ್ಲೊ ಮೆಟ್ಟಿಲಿಳಿದು ನೇರ ವಾದ್ಯಗಾರರ ಬಳಿ ಹೋಗಿ ಫ್ರಾನ್ಸಿನ ರಾಷ್ಟ್ರಗೀತೆ ಮಾರ್ಸೆಯೇಸ್ ನುಡಿಸಿ ಅನ್ನುತ್ತಾನೆ. ವಾದ್ಯದವರು ಅವನನ್ನು ನೋಡದೆ ರಿಕ್ ಕಡೆ ನೋಡುತ್ತಾರೆ. ರಿಕ್ ತಲೆಯನ್ನು ಕೊಂಚ ಆಡಿಸುತ್ತಾನೆ, ಅಷ್ಟೇ. ಬಂದೂಕಿಲ್ಲ, ಭಾಷಣವಿಲ್ಲ, ಆ ಒಂದು ಗೋಣಾಟದಿಂದ ಅವನು ಯಾವ ಕಡೆ ಅನ್ನುವುದು ತೀರ್ಮಾನವಾಗುತ್ತದೆ. ಹೋಟೆಲ್ ಮುಚ್ಚಿಸಲು ಜರ್ಮನ್ನರಿಗೆ ನೆಪ ಸಿಗುತ್ತದೆ ಅನ್ನುವುದು ಅವನಿಗೆ ಗೊತ್ತು. ಆಮೇಲೆ ಇಲ್ಸಾ. ಎಲ್ಲರೂ ನಿಂತು ಹಾಡುವಾಗ ಅವಳು ಕೂತೇ ಗಂಡನನ್ನು ನೋಡುತ್ತಾಳೆ. ತಾನು ಯಾಕೆ ಈ ಮನುಷ್ಯನ ಕೈಹಿಡಿದೆ ಅನ್ನುವುದು ಅವಳಿಗೆ ಮತ್ತೆ ನೆನಪಾಗುತ್ತಿದೆ. ಲಾಸ್ಲೊ ಪಾತ್ರ ಮರದ ಗೊಂಬೆಯ ಹಾಗಿದೆ ಅಂತ ದೂರುವವರಿಗೆ ಈ ಒಂದು ಶಾಟ್ ತೋರಿಸಿದರೆ ಸಾಕು. ಅವನನ್ನು ನೋಡಬೇಕಾದ್ದು ಅವಳ ಕಣ್ಣಿನಿಂದ.

ಮೂರನೆಯ ಸಲ ಶಬ್ದ ಹಾಕಿ, ಇವಾನ್ ಅನ್ನುವ ಹುಡುಗಿಯೊಬ್ಬಳನ್ನೇ ನೋಡಿ. ರಿಕ್ ಕೈಬಿಟ್ಟ ಹುಡುಗಿ, ಅದೇ ಸಂಜೆ ಜರ್ಮನ್ ಅಧಿಕಾರಿಯ ತೋಳು ಹಿಡಿದು ಬಂದವಳು. ಹಾಡು ಏರಿದಾಗ ಅವಳ ಮುಖ ತೆರೆ ತುಂಬುತ್ತದೆ, ಕಣ್ಣಲ್ಲಿ ನೀರು. ಆ ನಟಿ ಮಡ್ಲೆನ್ ಲೆಬೋ, ಆಗ ವಯಸ್ಸು 19. 1940ರ ಜೂನ್‌ನಲ್ಲಿ ಜರ್ಮನ್ನರು ಪ್ಯಾರಿಸ್ಸಿಗೆ ಬರುವ ಹೊತ್ತಿಗೆ, ಯಹೂದಿಯಾದ ಗಂಡ ಮಾರ್ಸೆಲ್ ದಾಲಿಯೊ ಜೊತೆ ಊರು ಬಿಟ್ಟವರು. ಲಿಸ್ಬನ್ ತಲುಪಿದರು, ಚಿಲಿ ದೇಶಕ್ಕೆಂದು ಪಡೆದ ವೀಸಾಗಳು ನಕಲಿ ಅಂತ ತಿಳಿದು ಮೆಕ್ಸಿಕೊದಲ್ಲಿ ಸಿಕ್ಕಿಬಿದ್ದರು. ದಾಲಿಯೊ ಇದೇ ಚಿತ್ರದಲ್ಲಿ ರೂಲೆಟ್ ಚಕ್ರ ತಿರುಗಿಸುವ ಎಮಿಲ್. ಅಂದರೆ 22 ಬೀಳುವ ಹಾಗೆ ನೋಡಿಕೊಂಡವನು, ನಿಜ ಜೀವನದಲ್ಲಿ ಖೋಟಾ ವೀಸಾ ಹಿಡಿದು ಅಲೆದವನು.

ಇವರಿಬ್ಬರೇ ಅಲ್ಲ. ನಾಜಿ ಮೇಜರ್ ಆಗಿ ನಟಿಸಿದ ಕಾನ್ರಾಡ್ ಫೈಟ್ 1933ರಲ್ಲೇ ಯಹೂದಿ ಹೆಂಡತಿಯೊಂದಿಗೆ ಜರ್ಮನಿ ತೊರೆದವನು. ಅನೀನಾಳ ಗಂಡನಾದ ಹೆಲ್ಮುಟ್ ಡಾಂಟೀನ್ ಆಸ್ಟ್ರಿಯಾದಲ್ಲಿ ನಾಜಿಗಳ ಸೆರೆಯಲ್ಲಿದ್ದು ಬಂದವನು. ಜೇಬುಗಳ್ಳ ಕರ್ಟ್ ಬೊಯಿಸ್ ಬರ್ಲಿನ್ನಿನ ಯಹೂದಿ ನಟ. ತೆರೆಯ ಮೇಲೆ ಹೆಸರು ಬರುವ 14 ಜನ ಕಲಾವಿದರಲ್ಲಿ ಅಮೆರಿಕದಲ್ಲಿ ಹುಟ್ಟಿದವರು ಮೂವರೇ: ಬೋಗಾರ್ಟ್, ಡೂಲಿ ವಿಲ್ಸನ್, ಅನೀನಾ ಆಗಿ ನಟಿಸಿದ ಜಾಯ್ ಪೇಜ್. ನಿರ್ದೇಶಕ ಮೈಕೆಲ್ ಕರ್ಟಿಜ್ ಕೂಡ ಬುಡಾಪೆಸ್ಟ್‌ನವನು. ಚಿತ್ರೀಕರಣ ನಡೆದದ್ದು 1942ರ ಮೇ 25ರಿಂದ ಆಗಸ್ಟ್ 3ರವರೆಗೆ. ಆಗ ಪ್ಯಾರಿಸ್ ಇನ್ನೂ ಹಿಟ್ಲರನ ಕೈಯಲ್ಲೇ ಇತ್ತು, ಯುದ್ಧ ಯಾರು ಗೆಲ್ಲುತ್ತಾರೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಆ ಕಣ್ಣೀರಿಗೆ ಗ್ಲಿಸರಿನ್ ಬೇಕಿರಲಿಲ್ಲ.

ಈ ಸುತ್ತಲಿನ ಜನರನ್ನು ತೆಗೆದುಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆಯೇ ಇದೆ. 1952ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಬಿಡುಗಡೆ ಮಾಡುವಾಗ ನಾಜಿಗಳಿರುವ ಭಾಗಗಳನ್ನೆಲ್ಲ, ಸುಮಾರು 25 ನಿಮಿಷದಷ್ಟನ್ನು, ಕತ್ತರಿಸಿದರು. ಮೇಜರ್ ಸ್ಟ್ರಾಸರ್ ಮಾಯ, ಲಾಸ್ಲೊ ನಾರ್ವೆಯ ಅಣುವಿಜ್ಞಾನಿ. ಉಳಿದದ್ದು ಬರೀ ಪ್ರೇಮ, ಅದೂ ಯಾಕೆ ಮುರಿಯಬೇಕು ಅನ್ನುವುದಕ್ಕೆ ಕಾರಣವೇ ಇಲ್ಲದ ಪ್ರೇಮ. ಪೂರ್ತಿ ಚಿತ್ರ ಅಲ್ಲಿನವರಿಗೆ ಸಿಕ್ಕಿದ್ದು 1975ರಲ್ಲಿ.

ಹಾಡು, ಮುಖ, ಬೆಳಕು

ಇಲ್ಸಾ ಸ್ಯಾಮ್‌ನನ್ನು ಹತ್ತಿರ ಕರೆದು ಹಳೆಯ ಹಾಡು ‘ಆಸ್ ಟೈಮ್ ಗೋಸ್ ಬೈ’ ಕೇಳುವ ದೃಶ್ಯವನ್ನು ಕತ್ತಲ ಕೋಣೆಯಲ್ಲಿ ಇನ್ನೊಮ್ಮೆ ಹಾಕಿ. ನೆನಪಿಲ್ಲ ಅಂತ ಅವನು ಜಾರಿಕೊಳ್ಳುತ್ತಾನೆ. ಅವಳೇ ಗುನುಗಿ ಹಾದಿ ತೋರಿಸುತ್ತಾಳೆ. ಅವನು ಹಾಡುತ್ತಿದ್ದಂತೆ ಕ್ಯಾಮೆರಾ ಹಾಡುವವನನ್ನು ಬಿಟ್ಟು ಕೇಳುವವಳ ಮುಖದ ಮೇಲೆ ನಿಂತುಬಿಡುತ್ತದೆ. ಅವಳು ಏನೂ ಮಾಡುವುದಿಲ್ಲ. ದೃಷ್ಟಿ ಎಲ್ಲೋ ಇದೆ, ಕಣ್ಣಿನಲ್ಲಿ ಒಂದು ಬೆಳಕಿನ ಚುಕ್ಕಿ ನಡುಗುತ್ತದೆ. ಆ ಚುಕ್ಕಿ ತಾನಾಗಿ ಬಂದದ್ದಲ್ಲ. ಕಣ್ಣಿನಲ್ಲಿ ಮಿಂಚಲೆಂದೇ ಎಡಿಸನ್ ಬೇರೆ ದೀಪ ಇಟ್ಟಿದ್ದ. ಬರ್ಗ್‌ಮನ್ ಮುಖವನ್ನು ಹೆಚ್ಚಾಗಿ ಎಡಬದಿಯಿಂದ, ಮಸೂರದ ಮುಂದೆ ತೆಳ್ಳನೆಯ ಜಾಲರಿ ಹಿಡಿದು ತೆಗೆದಿದ್ದಾನೆ. ಬೋಗಾರ್ಟ್ ಮುಖಕ್ಕೆ ಆ ಮೃದುತ್ವವಿಲ್ಲ, ಸುಕ್ಕು, ನೆರಳು ಇದ್ದ ಹಾಗೇ ಬಿಟ್ಟಿದ್ದಾನೆ. ಇಬ್ಬರ ಕ್ಲೋಸಪ್‌ಗಳನ್ನು ಒಂದಾದ ಮೇಲೊಂದು ನಿಲ್ಲಿಸಿ ನೋಡಿದರೆ ವ್ಯತ್ಯಾಸ ಮಕ್ಕಳಿಗೂ ಕಾಣುತ್ತದೆ.

ಹಾಡಿನ ಬಗ್ಗೆ ಮೂರು ಸಂಗತಿ ಗೊತ್ತಿರಲಿ. ಅದು ಈ ಚಿತ್ರಕ್ಕಾಗಿ ಕಟ್ಟಿದ ಹಾಡಲ್ಲ. ಹರ್ಮನ್ ಹಪ್‌ಫೆಲ್ಡ್ 1931ರಲ್ಲಿ ಬ್ರಾಡ್‌ವೇ ನಾಟಕವೊಂದಕ್ಕೆ ಬರೆದದ್ದು. ಸಂಗೀತ ನಿರ್ದೇಶಕ ಮ್ಯಾಕ್ಸ್ ಸ್ಟೈನರ್‌ಗೆ ಅದು ಬೇಡವಾಗಿತ್ತು, ತನ್ನದೇ ಹಾಡು ಹಾಕಬೇಕೆಂದಿದ್ದ. ಅಷ್ಟರಲ್ಲಿ ಬರ್ಗ್‌ಮನ್ ಮುಂದಿನ ಚಿತ್ರಕ್ಕಾಗಿ ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದರಿಂದ ದೃಶ್ಯಗಳನ್ನು ಮತ್ತೆ ತೆಗೆಯಲಾಗಲಿಲ್ಲ, ಹಾಡು ಉಳಿಯಿತು. ಸ್ಟೈನರ್ ಸೋತು ಸುಮ್ಮನಾಗಲಿಲ್ಲ. ಅದೇ ಧಾಟಿಯನ್ನು ಮಾರ್ಸೆಯೇಸ್ ಜೊತೆ ಇಡೀ ಚಿತ್ರದ ಹಿನ್ನೆಲೆ ಸಂಗೀತಕ್ಕೆ ಹೆಣೆದ. ಎರಡನೆಯದು, ಡೂಲಿ ವಿಲ್ಸನ್ ಮೂಲತಃ ಡ್ರಮ್ ಬಾರಿಸುವವನು, ಪಿಯಾನೊ ಬರುತ್ತಿರಲಿಲ್ಲ. ದನಿ ಅವನದು, ಬೆರಳು ಬೇರೆಯವರದು. ಮೂರನೆಯದು, ‘ಮತ್ತೊಮ್ಮೆ ನುಡಿಸು, ಸ್ಯಾಮ್’ ಅಂತ ಲೋಕವೆಲ್ಲ ಹೇಳುವ ಸಾಲು ಚಿತ್ರದಲ್ಲಿ ಎಲ್ಲೂ ಇಲ್ಲ. ಅದಕ್ಕಾಗಿ ಕಾಯುತ್ತ ಕೂರಬೇಡಿ.

ರಿಕ್‌ನ ಪರಿಚಯದ ಶಾಟನ್ನೂ ಒಮ್ಮೆ ನಿಲ್ಲಿಸಿ ನೋಡಿ. ಎಲ್ಲರ ಬಾಯಲ್ಲೂ ಅವನ ಹೆಸರು ಬಂದುಹೋದ ಮೇಲೆ ಮೊದಲು ಕಾಣುವುದು ಒಂದು ಕೈ, 1,000 ಫ್ರಾಂಕಿನ ಚೆಕ್ಕಿಗೆ ಸರಿ ಅಂತ ಸಹಿ ಹಾಕುತ್ತದೆ. ಆಮೇಲೆ ಸಿಗರೇಟು, ಆಮೇಲೆ ಚದುರಂಗದ ಮಣೆ, ಕಡೆಗೆ ಮುಖ. ಎದುರು ಆಟಗಾರನಿಲ್ಲ. ಒಂಟಿತನ ಅನ್ನುವ ಪದವನ್ನು ಯಾರೂ ಉಚ್ಚರಿಸದೆ ಹೇಳಿದ್ದಾಯಿತು.

ವಿಮಾನ ನಿಲ್ದಾಣ

ಕೊನೆಯ ದೃಶ್ಯ ತೆಗೆದದ್ದು ಸ್ಟುಡಿಯೊದೊಳಗೆ. ಹಿಂದೆ ನಿಂತ ವಿಮಾನ ಚಿಕ್ಕ ಅಳತೆಯ ಮಾದರಿ. ಅದು ದೊಡ್ಡದಾಗಿ ಕಾಣಲೆಂದು ಕುಳ್ಳಗಿನ ಕಲಾವಿದರಿಗೆ ಮೆಕ್ಯಾನಿಕ್ ವೇಷ ಹಾಕಿ ಸುತ್ತ ಓಡಾಡಿಸಿದರು. ಮಂಜು ಹರಡಿದ್ದು ಈ ಗುಟ್ಟು ರಟ್ಟಾಗದಿರಲಿ ಅಂತ. ಅದೇ ಮಂಜು ಪಾತ್ರಗಳ ಮನಸ್ಸಿನ ಸ್ಥಿತಿಗೂ ಒದಗಿಬಂತು. ಬೋಗಾರ್ಟ್‌ಗಿಂತ ಬರ್ಗ್‌ಮನ್ ಸ್ವಲ್ಪ ಎತ್ತರ. ಎದುರುಬದುರು ನಿಲ್ಲುವ ಶಾಟುಗಳಿಗೆ ಅವನ ಬೂಟಿಗೆ ಎತ್ತರದ ಅಟ್ಟೆ ಕೊಟ್ಟಿದ್ದರು. ಇವನ್ನೆಲ್ಲ ಮೊದಲ ಸಲ ನೋಡುವವರಿಗೆ ಮುಂಚೆಯೇ ಹೇಳಬೇಡಿ, ಅವರು ವಿಮಾನವನ್ನೇ ನೋಡುತ್ತ ಕೂರುತ್ತಾರೆ.

ಇಲ್ಸಾ ಇಬ್ಬರಲ್ಲಿ ಯಾರನ್ನು ಪ್ರೀತಿಸಬೇಕು ಅನ್ನುವುದು ಚಿತ್ರೀಕರಣದ ಹೊತ್ತಿನಲ್ಲಿ ಬರ್ಗ್‌ಮನ್‌ಗೂ ಗೊತ್ತಿರಲಿಲ್ಲ. ಕೇಳಿದಾಗ, ಎರಡರ ನಡುವೆ ಇರುವ ಹಾಗೆ ನಟಿಸು ಅಂದರಂತೆ. ಗಂಡನನ್ನು ಬಿಟ್ಟು ಇನ್ನೊಬ್ಬನ ಜೊತೆ ಹೋಗುವುದನ್ನು ಸೆನ್ಸಾರ್ ನಿಯಮ ಒಪ್ಪುತ್ತಿರಲಿಲ್ಲ ಅನ್ನುವುದೂ ನಿಜ. ಆದರೆ ನಿಯಮ ಪಾಲಿಸಿದ ನೂರಾರು ಚಿತ್ರಗಳನ್ನು ಯಾರೂ ನೆನಪಿಟ್ಟಿಲ್ಲ. ಇಲ್ಲಿ ನಿಲ್ಲುವುದು ಬೆಲೆಪಟ್ಟಿಯ ಲೆಕ್ಕ: ಎರಡು ಲಕ್ಷಕ್ಕೂ ಕೊಡದ ಪತ್ರವನ್ನು ರಿಕ್ ಒಂದು ಫ್ರಾಂಕೂ ಇಲ್ಲದೆ ಕೊಟ್ಟ, ಅದರ ಜೊತೆಗೆ ಇಲ್ಸಾಳನ್ನೂ ಕಳಿಸಿಕೊಟ್ಟ. ಆಮೇಲೆ ರೆನೋ ಬಾಟಲಿ ನೀರು ಬಗ್ಗಿಸಿಕೊಳ್ಳುವಾಗ ಲೇಬಲ್ ಮೇಲೆ ‘ವಿಶಿ’ ಅಂತ ಕಂಡು ಅದನ್ನು ಕಸದ ಬುಟ್ಟಿಗೆ ಹಾಕಿ ಒದೆಯುತ್ತಾನೆ. ಲಂಚಕೋರನೂ ತನ್ನ ಲೆಕ್ಕ ಚುಕ್ತಾ ಮಾಡಿದ. ಆ 10,000ದ ಬಾಜಿ ಕೊನೆಯ ಮಾತುಕತೆಯಲ್ಲಿ ಮತ್ತೆ ಬರುತ್ತದೆ, ಕಿವಿ ಅಲ್ಲಿರಲಿ. ಚಿತ್ರದ ಕಡೆಯ ಸಾಲು ನಿರ್ಮಾಪಕ ಹ್ಯಾಲ್ ವಾಲಿಸ್ ಬರೆದದ್ದು. ಶೂಟಿಂಗ್ ಮುಗಿದು ಕೆಲವು ವಾರಗಳ ಮೇಲೆ ಬೋಗಾರ್ಟ್ ದನಿ ಮಾತ್ರ ಮುದ್ರಿಸಿಕೊಂಡರು. ಅದಕ್ಕೇ ಇಬ್ಬರೂ ಬೆನ್ನು ತಿರುಗಿಸಿ ನಡೆಯುತ್ತಿರುವಾಗ ಆ ಮಾತು ಕೇಳಿಸುತ್ತದೆ.

ಮಾತುಕತೆಗೆ ಕೂತಾಗ

ಗುಂಪಿನಲ್ಲಿ ತೋರಿಸುವುದಾದರೆ ಹತ್ತು ನಿಮಿಷ ಪೀಠಿಕೆ, 102 ನಿಮಿಷ ಚಿತ್ರ, ಹತ್ತು ನಿಮಿಷ ಕಾಫಿ, ನಲವತ್ತು ನಿಮಿಷ ಮಾತು: ಒಟ್ಟು ಎರಡು ಮುಕ್ಕಾಲು ಗಂಟೆ. ಸಂಜೆ ಐದೂವರೆಗೆ ಶುರುಮಾಡಿದರೆ ಎಂಟೂಕಾಲಿಗೆ ಎಲ್ಲರೂ ಮನೆ ಕಡೆ ಹೊರಡಬಹುದು.

ಚಿತ್ರದ ಕುಂದುಗಳನ್ನು ಮುಚ್ಚಿಡಬೇಡಿ, ಹುಡುಗರು ಹೇಗಿದ್ದರೂ ಹಿಡಿಯುತ್ತಾರೆ. ಕಾಸಾಬ್ಲಾಂಕಾದ ಮೂಲ ನಿವಾಸಿಗಳಾದ ಮೊರಾಕ್ಕೊದವರು ಇಲ್ಲಿ ಬರೀ ಹಿನ್ನೆಲೆ. ಅವರ ಊರನ್ನು ಆಳುವ ಫ್ರೆಂಚರ ಸ್ವಾತಂತ್ರ್ಯಗೀತೆಗೆ ನಾವು ಕಣ್ಣೀರಿಡುತ್ತೇವೆ. ಇಲ್ಸಾ ಸ್ಯಾಮ್‌ನನ್ನು ‘ಹುಡುಗ’ ಅನ್ನುತ್ತಾಳೆ; ಡೂಲಿ ವಿಲ್ಸನ್‌ಗೆ ಆಗ 56 ವರ್ಷ. ಕಪ್ಪು ಜನರನ್ನು ಅಮೆರಿಕದವರು ಆಗ ಹಾಗೇ ಕರೆಯುತ್ತಿದ್ದರು. ಇವನ್ನು ಹೇಳಿದರೆ ಚಿತ್ರ ಕುಗ್ಗುವುದಿಲ್ಲ.

ಕನ್ನಡ ಬಲ್ಲ ಗುಂಪಿಗೆಂದೇ ಒಂದು ಅಭ್ಯಾಸವಿದೆ, ಇಂಗ್ಲಿಷಿನಲ್ಲಿ ಇದು ಸಾಧ್ಯವೇ ಇಲ್ಲ. ರಿಕ್, ಇಲ್ಸಾ ಮಾತಾಡುವ ಐದು ಜಾಗ ಆರಿಸಿ: ಲಾಸ್ಲೊ ಎದುರು ಮೊದಲ ಭೇಟಿ, ಪ್ಯಾರಿಸ್, ಅವನು ಕುಡಿದು ಕೂತ ರಾತ್ರಿ, ಅವಳು ಪಿಸ್ತೂಲು ಹಿಡಿಯುವ ರಾತ್ರಿ, ವಿಮಾನ ನಿಲ್ದಾಣ. ಪ್ರತಿ ಜಾಗದಲ್ಲೂ ಅವರು ಒಬ್ಬರನ್ನೊಬ್ಬರು ‘ನೀನು’ ಅನ್ನುತ್ತಾರಾ, ‘ನೀವು’ ಅನ್ನುತ್ತಾರಾ ಅಂತ ಎಲ್ಲರೂ ಬರೆಯಲಿ. ಪ್ಯಾರಿಸ್ಸಿನಲ್ಲಿ ‘ನೀನು’, ಅದರಲ್ಲಿ ಜಗಳವಿಲ್ಲ. ಗಂಡನ ಎದುರು ‘ನೀವು’ ಅನ್ನಲೇಬೇಕು, ಆಗ ಆ ಬಹುವಚನದ ಅಡಿಯಲ್ಲಿ ಏನು ಹೂತಿದೆ ಅನ್ನುವುದು ಕೇಳಿಸುತ್ತದೆ. ಕುಡಿದ ರಾತ್ರಿಯಲ್ಲಿ ಅವಳನ್ನು ನೋಯಿಸಲೆಂದೇ ರಿಕ್ ‘ನೀವು’ ಅಂದರೆ ‘ನೀನು’ಗಿಂತ ಹೆಚ್ಚು ಉರಿಯುತ್ತದಾ? ಇಲ್ಲಿ ಗುಂಪು ಎರಡಾಗುತ್ತದೆ. ಇನ್ನೊಂದು ಎಳೆ ಸೇರಿಸಿ: ರೆನೋಗೆ ಅವನು ರಿಕಿ, ಊರಿಗೆಲ್ಲ ರಿಕ್, ರಿಚರ್ಡ್ ಅಂತ ಪೂರ್ತಿ ಹೆಸರು ಕರೆಯುವ ಹಕ್ಕು ಇಲ್ಸಾಳದು. ರೈಲು ನಿಲ್ದಾಣದ ಮಳೆಯಲ್ಲಿ ಅವಳ ಕಾಗದದ ಶಾಯಿ ಕರಗಿ ಇಳಿಯುವಾಗ ಸ್ಯಾಮ್ ಕೂಡ ಆ ಹೆಸರು ಹಿಡಿಯುತ್ತಾನೆ.

ಅವಳತ್ತ ಲೋಟ ಎತ್ತಿ ರಿಕ್ ಹೇಳುವ ‘ಹಿಯರ್ಸ್ ಲುಕಿಂಗ್ ಅಟ್ ಯೂ, ಕಿಡ್’ ಅನ್ನುವ ಮಾತು ಚಿತ್ರದಲ್ಲಿ ನಾಲ್ಕು ಸಲ ಬರುತ್ತದೆ: ಎರಡು ಸಲ ಪ್ಯಾರಿಸ್ಸಿನಲ್ಲಿ, ಒಂದು ಸಲ ಹೋಟೆಲಿನ ಮಹಡಿಯಲ್ಲಿ, ಕೊನೆಗೆ ವಿಮಾನದ ಮುಂದೆ, ಕೈಯಲ್ಲಿ ಲೋಟವಿಲ್ಲದೆ. ಅದನ್ನು ಕನ್ನಡಕ್ಕೆ ತರಲು ಹೇಳಿ. ಲೋಟ ಎತ್ತಿ ಹಾರೈಸುವ ಪದ್ಧತಿಯೇ ನಮ್ಮಲ್ಲಿಲ್ಲ, ಹಾಗಾಗಿ ಮಾತಿಗೆ ಮಾತು ಹೊಂದಿಸಲು ಹೋದವರು ಸೋಲುತ್ತಾರೆ. ಪ್ಯಾರಿಸ್ಸಿನ ಸಂತೋಷಕ್ಕೂ ನಿಲ್ದಾಣದ ಬೀಳ್ಕೊಡುಗೆಗೂ ಒಂದೇ ಕನ್ನಡ ಮಾತು ಹೊಂದಬೇಕು, ಅದೇ ಷರತ್ತು. ಎಲ್ಲರ ಚೀಟಿಯನ್ನೂ ಜೋರಾಗಿ ಓದಿಸಿ, ಆಮೇಲೆ ದೀಪ ಆರಿಸಿ ವಿಮಾನ ನಿಲ್ದಾಣದ ದೃಶ್ಯವನ್ನು ಸಬ್‌ಟೈಟಲ್ ಇಲ್ಲದೆ ಇನ್ನೊಮ್ಮೆ ಹಾಕಿ.